ದಪ್ಪ ಓರೆಯಕ್ಷರವನ್ನು ಕನ್ನಡದಲ್ಲಿ ಎಲ್ಲಿ, ಹೇಗೆ ಬಳಸಬೇಕು? ಕಬಡ್ಡಿ ಬ್ಯಾನರೊಂದರ ಸುತ್ತ ಚರ್ಚೆ

ಶಿರಸಿ ಮುದ್ರಕ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯಲ್ಲಿ ಮುದ್ರಣ ಮತ್ತು ಫ್ಲೆಕ್ಸ್ ಕೆಲಸ ಮಾಡುವವನು. ಭಟ್ಕಳದ ಕಡೆಯ ಕೆಲವು ಯುವಕರು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆಂದು 12 ಅಡಿ ಉದ್ದ, 4 ಅಡಿ ಎತ್ತರದ ಬ್ಯಾನರ್ ಮಾಡಿಕೊಡಲು ಹೇಳಿದ್ದಾರೆ. ಅವರು ಮೊಬೈಲಿನಲ್ಲಿ ತೋರಿಸಿದ ಮಾದರಿ ಇಂಗ್ಲಿಷಿನದು. ದಪ್ಪನೆಯ, ಬಲಕ್ಕೆ ವಾಲಿದ, ತುದಿಗಳಲ್ಲಿ ಯಾವ ಕುಡಿಯೂ ಇಲ್ಲದ ಅಕ್ಷರಗಳು. ನಮ್ಮ ಕಸುಬಿನವರು ಬೋಲ್ಡ್ ಇಟಾಲಿಕ್ ಸಾನ್ಸ್ ಎಂದು ಕರೆಯುವ ಜಾತಿ. ಆಟಗಾರರ ಜೆರ್ಸಿಯಿಂದ ಹಿಡಿದು ಎಂಜಿನ್ ಆಯಿಲ್ ಡಬ್ಬದವರೆಗೆ ಎಲ್ಲ ಕಡೆಯೂ ಅದನ್ನು ನೋಡಿಯೇ ಇರುತ್ತೀರಿ. ಅದೇ ಓಟ ಕನ್ನಡದಲ್ಲಿಯೂ ಬರಬೇಕು ಎಂಬುದು ಹುಡುಗರ ಬೇಡಿಕೆ. ಅದು ನ್ಯಾಯವಾದ ಬೇಡಿಕೆ ಎಂದು ನನಗೂ ಅನ್ನಿಸಿತು.

ಬಾಲೂ ತಮ್ಮ ಎಂಬ ಹೆಸರಿನ ಫಾಂಟಿನ ಅತಿ ದಪ್ಪ ರೂಪದಲ್ಲಿ "ಹೊನಲು ಬೆಳಕಿನ ಕಬಡ್ಡಿ" ಎಂದೂ ಅದರ ಕೆಳಗೆ "ಭಟ್ಕಳ" ಎಂದೂ ಟೈಪು ಮಾಡಿ ಇಟಾಲಿಕ್ ಗುಂಡಿ ಒತ್ತಿದೆ. ಸಣ್ಣದೊಂದು ಮಾದರಿಯನ್ನು ಮುದ್ರಿಸಿ ಅಂಗಡಿಯ ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ಭಟ್ಕಳ ಎಂಬುದು ಬಟ್ಕಳ ಎಂದು ಕಾಣುತ್ತಿತ್ತು. ಕಬಡ್ಡಿಯ ಕೊನೆಯ ಅಕ್ಷರವಂತೂ ಸೊಂಟ ಉಳುಕಿದವನಂತೆ ನಿಂತಿತ್ತು: ಮೇಲಿನ ಗುಡಿಸು ಒಂದು ಕಡೆಗೆ, ಕೆಳಗಿನ ಒತ್ತು ಇನ್ನೊಂದು ಕಡೆಗೆ. ಸಾಲಿನಲ್ಲಿ ವೇಗ ಬರುವ ಬದಲು ಯಾರೋ ತಳ್ಳಿ ಬೀಳಿಸಿದ ಬೇಲಿಯ ಹಾಗೆ ಕಂಡಿತು. ಇದು ನಾನು ಆರಿಸಿದ ಫಾಂಟಿನ ದೋಷವೋ, ಗುಂಡಿಯ ದೋಷವೋ, ಅಥವಾ ಕನ್ನಡದ ಅಕ್ಷರ ವಾಲುವುದಕ್ಕೇ ಒಪ್ಪುವುದಿಲ್ಲವೋ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಕುಮಟೆಯ ಅಕ್ಷರಪ್ರಿಯೆ

ಫಾಂಟಿನ ದೋಷವಲ್ಲ. ಗುಂಡಿ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಫಾಂಟಿನ ಜೊತೆಗೆ ಓರೆಯ ರೂಪ ಬಂದಿರದಿದ್ದರೆ ತಂತ್ರಾಂಶವು ನೇರ ಅಕ್ಷರವನ್ನೇ ಹಿಡಿದು, ಅಡಿಗೆರೆಯನ್ನು, ಅಂದರೆ ಅಕ್ಷರಗಳ ಮೈ ಕೂರುವ ಗೆರೆಯನ್ನು, ಅಲುಗಿಸದೆ, ತಲೆಯನ್ನು ಬಲಕ್ಕೆ ತಳ್ಳುತ್ತದೆ. ವೆಬ್ ಪುಟಗಳ ಈಗಿನ ನಿಯಮದಲ್ಲಿ, ಬೇರೆ ಕೋನ ಹೇಳದಿದ್ದರೆ ಈ ವಾಲುವಿಕೆ 14 ಡಿಗ್ರಿ. ಆ ಲೆಕ್ಕದಲ್ಲಿ 10 ಇಂಚು ಎತ್ತರದ ಅಕ್ಷರದ ನೆತ್ತಿ ಎರಡೂವರೆ ಇಂಚು ಬಲಕ್ಕೆ ಸರಿಯುತ್ತದೆ. ಅಡಿಗೆರೆಯ ಮೇಲಿನದೆಲ್ಲ ಬಲಕ್ಕೆ ಹೋದರೆ ಅದರ ಕೆಳಗಿನದೆಲ್ಲ ಅದೇ ಪ್ರಮಾಣದಲ್ಲಿ ಎಡಕ್ಕೆ ಹೋಗಲೇಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಡಿಗೆರೆಯ ಕೆಳಗೆ ಹೆಚ್ಚುಕಡಿಮೆ ಏನೂ ಇರುವುದಿಲ್ಲವಾದ್ದರಿಂದ ಅಲ್ಲಿ ಈ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರದ ಮನೆಯೇ ಅಲ್ಲಿದೆ. ನಿಮ್ಮ "ಡ್ಡಿ"ಯಲ್ಲಿ ಒತ್ತು ಅಡಿಗೆರೆಯಿಂದ 5 ಇಂಚು ಕೆಳಗೆ ಇಳಿದಿದ್ದರೆ ಅದರ ಬುಡ ಒಂದೂಕಾಲು ಇಂಚು ಎಡಕ್ಕೆ ನುಗ್ಗಿ ಮೇಲಿನ ಅಕ್ಷರದ ಹೊಟ್ಟೆಯ ಅಡಿಗೆ ಸೇರಿಕೊಳ್ಳುತ್ತದೆ. ಅದೇ ಹೊತ್ತಿಗೆ ಗುಡಿಸು ಬಲಕ್ಕೆ ಹೋಗಿ ಮುಂದಿನ ಅಕ್ಷರದ ಜಾಗವನ್ನು ತಿನ್ನುತ್ತದೆ. ನೀವು ಕಂಡ ಸೊಂಟದ ಉಳುಕು ಇದೇ.

ಎರಡನೆಯದು ಗೆರೆಯ ದಪ್ಪ. ಒಂದು ಸೊನ್ನೆಯನ್ನು ದೊಡ್ಡದಾಗಿ ಬರೆದು ಬರಿದೆ ವಾಲಿಸಿ ನೋಡಿ. ಎಲ್ಲ ಕಡೆ ಸಮನಾಗಿದ್ದ ಉಂಗುರದ ಗೆರೆ ಮೇಲಿನ ಬಲ ಮೂಲೆಯಲ್ಲಿಯೂ ಕೆಳಗಿನ ಎಡ ಮೂಲೆಯಲ್ಲಿಯೂ ಊದಿಕೊಳ್ಳುತ್ತದೆ. ಉಳಿದ ಎರಡು ಮೂಲೆಗಳಲ್ಲಿ ಸೊರಗುತ್ತದೆ. ಇಂಗ್ಲಿಷಿನಲ್ಲಿ ಓ, ಸಿ, ಎಸ್ ಮುಂತಾದ ಕೆಲವೇ ಅಕ್ಷರಗಳಿಗೆ ಈ ಪೆಟ್ಟು ಬಿದ್ದರೆ ಕನ್ನಡದಲ್ಲಿ ಬಹುಪಾಲು ಅಕ್ಷರಗಳೇ ದುಂಡು. ಗೆರೆ ತೆಳುವಾಗಿದ್ದಾಗ ಈ ಏರುಪೇರು ಮುಚ್ಚಿಹೋಗುತ್ತದೆ, ದಪ್ಪಗಾದಾಗ ಎದ್ದು ಕಾಣುತ್ತದೆ. ಆದ್ದರಿಂದ ಓರೆಯಕ್ಷರವನ್ನು ಕೆತ್ತುವವರು ವಾಲಿಸಿದ ಮೇಲೆ ಒಂದೊಂದೇ ತಿರುವನ್ನು ಹಿಡಿದು ಊದಿದ ಕಡೆ ತಗ್ಗಿಸಿ, ಸೊರಗಿದ ಕಡೆ ತುಂಬುತ್ತಾರೆ. ಗುಂಡಿಗೆ ಆ ತಿದ್ದುಪಡಿ ಗೊತ್ತಿಲ್ಲ.

ಇನ್ನು ಭಟ್ಕಳ ಬಟ್ಕಳವಾದದ್ದು ವಾಲಿದ್ದರಿಂದಲ್ಲ, ದಪ್ಪದಿಂದ. ಬ ಮತ್ತು ಭ ನಡುವೆ ಇರುವ ಮುಖ್ಯ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಶಾಲೆಯಲ್ಲಿ ನಮಗೆ ಹೊಟ್ಟೆ ಸೀಳುವುದು ಎಂದು ಹೇಳಿಕೊಡುತ್ತಿದ್ದರಲ್ಲ, ಅದು. ಬಾಲೂ ತಮ್ಮದ ಒಳ್ಳೆಯ ದಪ್ಪ ರೂಪದಲ್ಲಿಯೂ ನೀವು ಇಟಾಲಿಕ್ ಜೊತೆಗೆ ಬೋಲ್ಡ್ ಗುಂಡಿಯನ್ನೂ ಒತ್ತಿದ್ದರೆ ತಂತ್ರಾಂಶ ಅಕ್ಷರದ ಸುತ್ತಲೂ ಇನ್ನೊಂದು ಅಂಚು ಬಳಿದು ಆ ಸೀಳನ್ನು ಮುಚ್ಚಿಬಿಟ್ಟಿರುತ್ತದೆ. ದಯವಿಟ್ಟು ಒಮ್ಮೆ ಪರೀಕ್ಷಿಸಿ.

ಶಿರಸಿ ಮುದ್ರಕ

ನಿಜ, ಎರಡೂ ಗುಂಡಿಗಳನ್ನು ಒತ್ತಿದ್ದೆ. ಬೋಲ್ಡ್ ತೆಗೆದ ಮೇಲೆ ಸೀಳು ಮತ್ತೆ ಕಾಣಿಸಿಕೊಂಡಿತು, ಆದರೂ ರಸ್ತೆಯ ಆಚೆಯಿಂದ ಸ್ಪಷ್ಟವಿಲ್ಲ.

ಹೊನ್ನಾವರದ ಓದುಗ

ನಾನು ಕಸುಬಿನವನಲ್ಲ, ಓದುಗ ಮಾತ್ರ. ಆದರೂ ಒಂದು ಆಕ್ಷೇಪವನ್ನು ದಾಖಲಿಸಬೇಕು. ಇಟಾಲಿಕ್ ಎಂಬುದು ಹೆಸರಿನಲ್ಲಿಯೇ ಇರುವಂತೆ ಇಟಲಿಯ ಸೊತ್ತು. ನಮ್ಮ ಲಿಪಿ ತಾಳೆಗರಿಯ ಮೇಲೆ ಕಂಟದಿಂದ ಕೊರೆದು ದುಂಡಾದದ್ದು. ಅದರ ಚೆಲುವು ನಿಲುವಿನಲ್ಲಿದೆ, ತಲೆಕಟ್ಟಿನಲ್ಲಿದೆ. ಬಯಲಾಟದ ಕರಪತ್ರಗಳನ್ನು ನಾನು ಬಾಲ್ಯದಿಂದ ಕೂಡಿಟ್ಟಿದ್ದೇನೆ. ಅವುಗಳಲ್ಲಿ ಪ್ರಸಂಗದ ಹೆಸರನ್ನು ಕಲಾವಿದರು ಕೈಯಿಂದ ಬರೆದ ದಪ್ಪ ಅಕ್ಷರಗಳು ಎಷ್ಟು ಗಂಭೀರವಾಗಿ ಕೂತಿವೆ ಎಂದರೆ, ಕಿರೀಟ ತೊಟ್ಟ ಎರಡನೆಯ ವೇಷ ರಂಗಸ್ಥಳದಲ್ಲಿ ನಿಂತಂತೆಯೇ ಕಾಣುತ್ತದೆ. ಈಗಿನ ಫ್ಲೆಕ್ಸುಗಳಲ್ಲಿ ಮೇಳದ ಹೆಸರೂ, ಪ್ರಸಂಗವೂ, ಸಮಯವೂ, ಕೊನೆಗೆ ಸೇವಾಕರ್ತರ ಪಟ್ಟಿಯೂ ಒಂದೇ ಸಮ ವಾಲಿಕೊಂಡಿರುತ್ತವೆ. ಅದನ್ನು ಓದುವಾಗ ಗಾಳಿಗೆ ಬಾಗಿದ ಭತ್ತದ ಗದ್ದೆಯಲ್ಲಿ ಒಂದು ತೆನೆಯನ್ನು ಹುಡುಕಿದಂತೆ ಆಗುತ್ತದೆ. ಕನ್ನಡಕ್ಕೆ ಇದರ ಅಗತ್ಯವಾದರೂ ಏನು?

ಕುಮಟೆಯ ಅಕ್ಷರಪ್ರಿಯೆ

ನಿಮ್ಮ ಆಕ್ಷೇಪದ ಎರಡನೆಯ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲ ಅರ್ಧದ ಬಗ್ಗೆ ಸ್ವಲ್ಪ ಇತಿಹಾಸ ಹೇಳಬೇಕಾಗಿದೆ.

ಇಟಾಲಿಕ್ ಮೊದಲಿಗೆ ಮಾತಿಗೆ ಒತ್ತು ಕೊಡಲು ಹುಟ್ಟಿದ್ದಲ್ಲ, ದಪ್ಪವಂತೂ ಅಲ್ಲವೇ ಅಲ್ಲ. ವೆನಿಸ್ ನಗರದ ಆಲ್ಡಸ್ ಮನೂಟಿಯಸ್ 1501ರಲ್ಲಿ ವರ್ಜಿಲ್ ಕವಿಯ ಕಾವ್ಯವನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿದಾಗ ಇಡೀ ಪುಸ್ತಕವೇ ಆ ಅಕ್ಷರದಲ್ಲಿತ್ತು. ಅದರ ಅಚ್ಚುಮೊಳೆಗಳನ್ನು ಕೆತ್ತಿದ ಫ್ರಾನ್ಸೆಸ್ಕೊ ಗ್ರಿಫೊ ಮಾದರಿಯಾಗಿ ಹಿಡಿದದ್ದು ಆ ಕಾಲದ ವಿದ್ವಾಂಸರ, ಕಚೇರಿ ಬರಹಗಾರರ ಚುರುಕಾದ ಕೈಬರಹವನ್ನು. ಅಂದರೆ ಓರೆಯ ಮೂಲ ಕೈಯ ಓಟದಲ್ಲಿದೆ. ಕುಡಿಯಿಲ್ಲದ ಸಾನ್ಸ್ ಅಕ್ಷರದ ಕಥೆಯೇ ಬೇರೆ. ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರ ಸುಮಾರಿಗೆ ತನ್ನ ಮಾದರಿ ಪುಸ್ತಕದಲ್ಲಿ ಅದನ್ನು ಮೊದಲು ತೋರಿಸಿದ. ಮುಂದೆ ಅದು ಬೆಳೆದದ್ದು ಗೋಡೆಯ ಜಾಹೀರಾತುಗಳಲ್ಲಿ, ದೂರದಿಂದ ಓದಬೇಕಾದ ಕಡೆ. ಕೈಬರಹದ ಓಟ ಒಂದು ಕಡೆ, ಗೋಡೆಬರಹದ ಗಟ್ಟಿದನಿ ಇನ್ನೊಂದು ಕಡೆ. ಇವೆರಡೂ ಸೇರಿದ್ದೇ ನಾವು ಮಾತಾಡುತ್ತಿರುವ ಅಕ್ಷರ.

ಸೇರಿಸುವುದರಲ್ಲಿ ಎರಡು ದಾರಿಗಳಿವೆ. 1928ರಲ್ಲಿ ಹೊರಬಂದ ಗಿಲ್ ಸಾನ್ಸ್‌ನಲ್ಲಿ ಎರಿಕ್ ಗಿಲ್ ಕೈಬರಹದ ದಾರಿಯನ್ನು ಹಿಡಿದ: ಓರೆಗೆ ಬಂದಾಗ ಸಣ್ಣ ಎ ಅಕ್ಷರ ತನ್ನ ಆಕಾರವನ್ನೇ ಬದಲಿಸುತ್ತದೆ. 1957ರ ಯೂನಿವರ್ಸ್‌ನಲ್ಲಿ ಏಡ್ರಿಯನ್ ಫ್ರೂಟಿಗರ್ ಇನ್ನೊಂದು ದಾರಿ ಹಿಡಿದ. ಅಲ್ಲಿ ಅಕ್ಷರದ ಎಲುಬು ಅದೇ, ಭಂಗಿ ಮಾತ್ರ ಓರೆ. ಆತ ರೂಪಗಳನ್ನು ಹೆಸರಿನ ಬದಲು ಅಂಕಿಗಳಿಂದ ಗುರುತಿಸಿದ. 65 ಎಂದರೆ ದಪ್ಪ ನೇರ, 66 ಎಂದರೆ ದಪ್ಪ ಓರೆ. ಒಂದೇ ಅಂಕಿಯ ಅಂತರ, ಆದರೂ 66ನ್ನು ಗುಂಡಿ ಒತ್ತಿ ಪಡೆದದ್ದಲ್ಲ, ತಿದ್ದಿ ತೀಡಿದ್ದು. ಇದೇ ಕಾಲದಲ್ಲಿ ಮಾರ್ಸೇಲ್ ಬಂದರಿನ ಒಲಿವ್ ಅಚ್ಚುಮೊಳೆ ಕಾರ್ಖಾನೆಗಾಗಿ ರೋಜರ್ ಎಕ್ಸ್‌ಕೋಫೋನ್ 1951ರಲ್ಲಿ ಮಾಡಿದ ಬ್ಯಾಂಕೋ ಎಂಬ ಅಕ್ಷರ ಹುಟ್ಟಿನಿಂದಲೇ ಓರೆ. ಮೇಲೆ ಅಗಲ, ಕೆಳಗೆ ಬರುತ್ತ ಸಪೂರ, ಅಗಲ ಕುಂಚದಿಂದ ಒಂದೇ ಏಟಿಗೆ ಎಳೆದ ಹಾಗೆ. ಅದು ಪುಸ್ತಕದ ಒಳಪುಟಕ್ಕೆಂದು ಮಾಡಿದ್ದೇ ಅಲ್ಲ, ಶೀರ್ಷಿಕೆಗೂ ಫಲಕಕ್ಕೂ ಮಾಡಿದ್ದು. ಫ್ರಾನ್ಸಿನ ಅಂಗಡಿಗಳ ಹಣೆಯ ಮೇಲೆಯೇ ಅದು ಬಾಳಿತು.

ಈಗ ನಿಮ್ಮ ಪ್ರಶ್ನೆ. ಕನ್ನಡದಲ್ಲಿ ಓರೆ ಇಲ್ಲವೇ? ತರಾತುರಿಯಲ್ಲಿ ಅರ್ಜಿ ಬರೆಯುವವರ ಕೈಬರಹವನ್ನು ನೋಡಿ. ತಲೆಕಟ್ಟು ಪ್ರತ್ಯೇಕವಾಗಿ ಉಳಿಯದೆ ಅಕ್ಷರದ ಮೈಗೆ ಕೂಡಿಕೊಳ್ಳುತ್ತದೆ, ದೀರ್ಘದ ಬಾಲ ಬಲಕ್ಕೆ ಹಾರುತ್ತದೆ, ಇಡೀ ಸಾಲು ಮುಂದಕ್ಕೆ ಬಾಗುತ್ತದೆ. ಗ್ರಿಫೊ ಕೈಗೆ ಸಿಕ್ಕಿದ್ದೂ ಇಂಥದೇ ಸಾಮಗ್ರಿ. ನಮ್ಮಲ್ಲಿ ಅದನ್ನು ಅಚ್ಚಿಗೆ ತಂದವರು ಕಡಿಮೆ. ಪುಸ್ತಕದ ಮಟ್ಟಿಗೆ ತಿರೋ ಕನ್ನಡ ಫಾಂಟು ನೇರ ಮತ್ತು ಇಟಾಲಿಕ್ ಎಂಬ ಎರಡು ರೂಪಗಳಲ್ಲಿ ಸಿಗುತ್ತದೆ. ಆದರೆ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಈ ಮೂರರಲ್ಲಿಯೂ ದಪ್ಪ ಬೇಕಾದಷ್ಟಿದೆ, ಓರೆ ಇಲ್ಲ. ಅನೇಕ್‌ನಲ್ಲಿ ಅಗಲವನ್ನು ಹಿಗ್ಗಿಸಿ ಕುಗ್ಗಿಸಲೂ ಬರುತ್ತದೆ, ವಾಲಿಸಲು ಬರುವುದಿಲ್ಲ. ಹಾಗಾಗಿ ಈ ಫಾಂಟುಗಳಲ್ಲಿ ದಪ್ಪ ಓರೆ ಸಾನ್ಸ್ ಬೇಕೆಂದರೆ ಬಿಡಿಸಿಕೊಳ್ಳಬೇಕಾದದ್ದೇ.

ಬೈತಖೋಲದ ಬಣ್ಣಗಾರ

ನಾನು ಕಾರವಾರದಲ್ಲಿ ದೋಣಿಗಳಿಗೂ ವಾಹನಗಳಿಗೂ ಹೆಸರು ಬರೆಯುವವನು. ಮೇಲಿನ ಮಾತುಗಳನ್ನು ಓದುವಾಗ ನಮ್ಮ ಕೆಲಸದಲ್ಲಿ ದಿನವೂ ಎದುರಾಗುವ ಒಂದು ವಿಷಯ ಇನ್ನೂ ಬಂದಿಲ್ಲ ಅನ್ನಿಸಿತು. ಓರೆಗೆ ದಿಕ್ಕಿದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ದೋಣಿಗಳೆಲ್ಲ ಬಂದರಿಗೆ ಬಂದು ನಿಲ್ಲುತ್ತವೆ. ಮಳೆ ಬಿಟ್ಟಾಗಲೆಲ್ಲ ಕೆರೆದು, ದುರಸ್ತಿ ಮಾಡಿ, ಬಣ್ಣ ಬಳಿದು, ಆಗಸ್ಟಿಗೆ ಮುಂಚೆ ಹೆಸರು ಬರೆಯಬೇಕು. ಹೆಸರು ಬರುವುದು ಮೂತಿಯ ಎರಡೂ ಬದಿಗೆ. ದೋಣಿಯ ಬಲಬದಿಯನ್ನು ನೋಡುತ್ತ ನಿಂತರೆ ಮೂತಿ ನಮ್ಮ ಬಲಗೈ ಕಡೆಗೆ ಇರುತ್ತದೆ. ಅಲ್ಲಿ ಬಲಕ್ಕೆ ವಾಲಿದ ಅಕ್ಷರ ಬರೆದರೆ ಹೆಸರು ದೋಣಿಯ ಜೊತೆಗೇ ಸಮುದ್ರಕ್ಕೆ ನುಗ್ಗುತ್ತದೆ, ಮೂತಿಯ ಅಂಚಿನ ಓರೆಗೂ ಅಕ್ಷರದ ಓರೆಗೂ ಹೊಂದಿಕೆ ಬರುತ್ತದೆ. ಈಗ ಎಡಬದಿಗೆ ಬನ್ನಿ. ಮೂತಿ ನಮ್ಮ ಎಡಗೈ ಕಡೆಗಿದೆ. ಅದೇ ಅಕ್ಷರವನ್ನು ಅಲ್ಲಿ ಬರೆದರೆ ದೋಣಿ ಮುಂದಕ್ಕೆ ಹೋಗುತ್ತಿದ್ದರೆ ಹೆಸರು ಹಿಂದಕ್ಕೆ ಎಳೆಯುತ್ತಿರುತ್ತದೆ. ಕಸುಬಿಗೆ ಬಂದ ಹೊಸದರಲ್ಲಿ ನಾನು ಇದನ್ನು ಗಮನಿಸಿರಲಿಲ್ಲ. ಒಬ್ಬ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ದಡದಲ್ಲಿ ನಿಂತು ಎಡಬದಿಯನ್ನು ಬಹಳ ಹೊತ್ತು ನೋಡಿ, "ಈ ಕಡೆ ದೋಣಿ ರಿವರ್ಸ್ ಹೋಗ್ತದೆ" ಎಂದರು. ಅಂದಿನಿಂದ ಬಲಬದಿಗೆ ಮಾತ್ರ ಓರೆ, ಎಡಬದಿಗೆ ನೇರ ದಪ್ಪ ಅಕ್ಷರ, ಅಥವಾ ಎರಡೂ ಬದಿಗೆ ನೇರ. ಕೆಲವರು ಎಡಬದಿಗೆ ಎಡಕ್ಕೆ ವಾಲಿಸಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ಹೇಗೋ ನಡೆಯುತ್ತದೆ. ಕನ್ನಡದಲ್ಲಿ ತಲೆಕಟ್ಟಿನ ಕೊನೆ ಬಲಕ್ಕೆ ಮೇಲೇರುವುದರಿಂದ ಅಕ್ಷರ ಒಂದು ಕಡೆಗೂ ತಲೆ ಇನ್ನೊಂದು ಕಡೆಗೂ ಎಳೆದಾಡಿ ನೋಡಲು ಕಷ್ಟವಾಗುತ್ತದೆ. ಬಸ್ಸು, ಟೆಂಪೋಗಳಿಗೂ ಇದೇ ಲೆಕ್ಕ: ಚಾಲಕನ ಬದಿಗೆ ಓರೆ ಒಪ್ಪುತ್ತದೆ, ಬಾಗಿಲಿನ ಬದಿಗೆ ಒಪ್ಪುವುದಿಲ್ಲ.

ಬ್ಯಾನರಿಗೆ ಮೂತಿ ಇಲ್ಲ ನಿಜ. ಆದರೆ ಅದರಲ್ಲಿ ಆಟಗಾರನ ಚಿತ್ರ ಇದ್ದೇ ಇರುತ್ತದೆ. ರೈಡರ್ ಎಡಕ್ಕೆ ನುಗ್ಗುತ್ತಿರುವ ಚಿತ್ರ ಹಾಕಿ ಅಕ್ಷರವನ್ನು ಬಲಕ್ಕೆ ವಾಲಿಸಿದರೆ ಎರಡೂ ಒಂದನ್ನೊಂದು ತಡೆಯುತ್ತವೆ. ಚಿತ್ರವನ್ನು ಮೊದಲು ನೋಡಿಕೊಳ್ಳಿ.

ಇನ್ನೊಂದು ಮಾತು. ನೋಂದಣಿ ಸಂಖ್ಯೆಯನ್ನು ಮಾತ್ರ ಯಾರು ಎಷ್ಟು ಒತ್ತಾಯಿಸಿದರೂ ಓರೆಯಾಗಿ ಬರೆಯುವುದಿಲ್ಲ. ಅದನ್ನು ಕಡಲಿನಲ್ಲಿ ದೂರದಿಂದ, ಅಲೆಯ ಮೇಲೆ ಏಳುತ್ತ ಬೀಳುತ್ತ ಇರುವ ದೋಣಿಯಿಂದ ಓದಬೇಕಾಗುತ್ತದೆ.

ಕಾರವಾರದ ಡ್ರಾಯಿಂಗ್ ಅಧ್ಯಾಪಕಿ

ಬಣ್ಣಗಾರರ ಮಾತು ನನ್ನನ್ನು ಎರಡು ಕಡೆಗೆ ಕರೆದೊಯ್ದಿತು.

ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಯಂತ್ರಚಿತ್ರದ ಮೊದಲ ವಾರಗಳಲ್ಲಿ ನಾವು ಕಲಿಸುವುದೇ ಅಕ್ಷರ ಬರೆಯುವುದನ್ನು. ಅಂತರರಾಷ್ಟ್ರೀಯ ಮಾನಕದಲ್ಲಿ ನೇರ ಮತ್ತು ಓರೆ ಎರಡಕ್ಕೂ ಅವಕಾಶವಿದೆ. ಓರೆಯೆಂದರೆ ಅಡಿಗೆರೆಗೆ 75 ಡಿಗ್ರಿ, ಅಂದರೆ ನೇರ ನಿಲುವಿನಿಂದ 15 ಡಿಗ್ರಿ ಬಾಗು. ಅಕ್ಷರದ ಎತ್ತರಗಳು 2.5, 3.5, 5, 7, 10 ಮಿಲಿಮೀಟರ್ ಹೀಗೆ ಏರುತ್ತವೆ. ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಗೆರೆಯ ದಪ್ಪ ಎತ್ತರದ ಹತ್ತನೆಯ ಒಂದು ಭಾಗ. ನೋಡಿದರೆ ಇದೂ ಕುಡಿಯಿಲ್ಲದ ಓರೆಯಕ್ಷರವೇ. ಆದರೆ ಇಲ್ಲಿ ದಪ್ಪವಿಲ್ಲ, ಆದ್ದರಿಂದ ಅದು ಕೂಗುವುದೂ ಇಲ್ಲ. ಓರೆ ಮಾತ್ರ ಇದ್ದರೆ ಅಕ್ಷರ ಮೆತ್ತಗೆ ಬದಿಗೆ ಸರಿದು ಮಾತಾಡುತ್ತದೆ. ದಪ್ಪ ಮಾತ್ರ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಎರಡೂ ಕೂಡಿದಾಗಲೇ ಅದು ನುಗ್ಗುತ್ತದೆ. ಈ ಅಕ್ಷರದ ಗುಣ ಇದು ಎಂದು ನನಗೆ ತೋರುತ್ತದೆ.

ಎರಡನೆಯದು ನಾವಿಕರ ನಕಾಶೆ. ನಮ್ಮ ಕಡಲಿನ ನಕಾಶೆಗಳನ್ನು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುತ್ತದೆ. ಇಂಥ ನಕಾಶೆಗಳಲ್ಲಿ ಬಹುಕಾಲದ ಒಂದು ರೂಢಿ ಇದೆ. ನೆಲಕ್ಕೆ ಸೇರಿದ ಹೆಸರು ನೇರ, ನೀರಿಗೆ ಸೇರಿದ ಹೆಸರು ಓರೆ. ಕಾರವಾರದ ಕೊಲ್ಲಿಯನ್ನು ಆ ಕ್ರಮದಲ್ಲಿ ಬರೆದರೆ ಅಂಜದೀವ ದ್ವೀಪ, ಕೂರ್ಮಗಡ, ಸದಾಶಿವಗಡದ ಗುಡ್ಡ ಇವೆಲ್ಲ ನೆಟ್ಟಗೆ ನಿಲ್ಲುತ್ತವೆ. ಕೊಲ್ಲಿ, ಕಾಳಿ ನದಿ, ನೀರಿನಡಿಯ ಬಂಡೆ ಇವು ಬಾಗುತ್ತವೆ. ಓದುವವನು ಹೆಸರನ್ನು ಓದುವುದಕ್ಕೆ ಮೊದಲೇ ಅದು ಕಲ್ಲೋ ನೀರೋ ಎಂದು ತಿಳಿದುಕೊಂಡಿರುತ್ತಾನೆ. ಓರೆ ಅಲ್ಲಿ ಅಲಂಕಾರವಲ್ಲ, ಅರ್ಥ.

ಇದನ್ನೇ ಬ್ಯಾನರಿಗೆ ಅನ್ವಯಿಸಿದರೆ: ಕಬಡ್ಡಿ ಎಂಬುದು ಆಟ, ಅದು ಚಲಿಸುತ್ತದೆ. ಭಟ್ಕಳ ಎಂಬುದು ಊರು, ಅದು ನಿಂತಿದೆ. ಊರಿನ ಹೆಸರನ್ನು ವಾಲಿಸುವ ಅಗತ್ಯ ಏನಿದೆ? ಕೊಂಕಣ ರೈಲ್ವೆಯ ನಿಲ್ದಾಣಗಳ ಹಳದಿ ಫಲಕದ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ನೇರವಾಗಿಯೇ ಇವೆ. ಅಲ್ಲಿ ಚಲಿಸುವುದು ರೈಲು.

ಶಿರಸಿ ಮುದ್ರಕ

ಇದು ನನಗೆ ಹೊಳೆದೇ ಇರಲಿಲ್ಲ. ಭಟ್ಕಳವನ್ನು ನೇರ ಮಾಡಿದರೆ ಅರ್ಧ ತೊಂದರೆ ತಾನಾಗಿಯೇ ತೀರುತ್ತದೆ. ದಿನಾಂಕ, ಸ್ಥಳ, ಬಹುಮಾನದ ವಿವರಗಳನ್ನೂ ನೇರವಾಗಿಯೇ ಇಡುತ್ತೇನೆ. ಉಳಿಯುವುದು ಮೇಲಿನ ಸಾಲು. ಅದರಲ್ಲಿಯೂ "ಹೊನಲು ಬೆಳಕಿನ" ಎಂಬುದನ್ನು ಸಣ್ಣದಾಗಿ ನೇರ ಬರೆದು "ಕಬಡ್ಡಿ"ಯನ್ನು ಮಾತ್ರ ದೊಡ್ಡದಾಗಿ ಓರೆ ಮಾಡಬಹುದೇ? ಎಷ್ಟು ಡಿಗ್ರಿ? ಎಷ್ಟು ಎತ್ತರ?

ಬೈತಖೋಲದ ಬಣ್ಣಗಾರ

ಎತ್ತರದ ಬಗ್ಗೆ ನಮ್ಮಲ್ಲಿ ಕೈಯಳತೆಯ ಒಂದು ಲೆಕ್ಕ ಇದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. ಇದು ಇಂಗ್ಲಿಷ್ ಅಕ್ಷರಕ್ಕೆ ಬಂದ ಲೆಕ್ಕ; ಕನ್ನಡಕ್ಕೆ ನಾನು ಒಂದೂವರೆ ಪಟ್ಟು ಹಿಡಿಯುತ್ತೇನೆ, ಏಕೆಂದರೆ ಒಳಗಿನ ತೆರಪುಗಳು ಚಿಕ್ಕವು. ಹೆದ್ದಾರಿಯ ಪಕ್ಕ 100 ಅಡಿಯಿಂದ ಓದಬೇಕಾದರೆ ಒತ್ತು ಮತ್ತು ಗುಡಿಸು ಬಿಟ್ಟು ಅಕ್ಷರದ ಮೈಯೇ 15 ಇಂಚು ಇರಬೇಕು. ನಾಲ್ಕು ಅಡಿಯ ಬ್ಯಾನರಿನಲ್ಲಿ ಇದಕ್ಕೆ ಜಾಗ ಸಿಗುವುದು ಒಂದೇ ಒಂದು ಪದಕ್ಕೆ. ಹಾಗಾಗಿ ಕಬಡ್ಡಿ ಒಂದನ್ನೇ ಓರೆ ಮಾಡುವ ನಿಮ್ಮ ಯೋಚನೆ ಸರಿಯಾಗಿದೆ.

ನೆರಳು ಹಾಕುವುದಾದರೆ ಒಂದೇ ಕಡೆಗೆ ಹಾಕಿ, ಒತ್ತಿನ ಮತ್ತು ಮೈಯ ನಡುವಿನ ಸಂದಿಗೆ ಅದು ಬೀಳದಂತೆ ನೋಡಿಕೊಳ್ಳಿ. ಬಿಳಿ ಅಂಚು, ಕಪ್ಪು ಅಂಚು, ಮೇಲೆ ಹೊಳಪು ಇವೆಲ್ಲವನ್ನೂ ದಪ್ಪ ಓರೆಗೆ ಸೇರಿಸಿದರೆ ಅಕ್ಷರ ಉಸಿರು ಕಟ್ಟಿ ಸಾಯುತ್ತದೆ.

ಕುಮಟೆಯ ಅಕ್ಷರಪ್ರಿಯೆ

ಕೋನದ ಬಗ್ಗೆ: ಇಂಗ್ಲಿಷಿನ ದಪ್ಪ ಓರೆಗಳು ಸಾಮಾನ್ಯವಾಗಿ 10ರಿಂದ 14 ಡಿಗ್ರಿಯ ಒಳಗಿರುತ್ತವೆ. ಹೆಲ್ವೆಟಿಕಾ ಎಂಬ ಫಾಂಟಿನದು 12. ಕನ್ನಡಕ್ಕೆ 8ರಿಂದ 10 ಸಾಕು ಎಂಬುದು ನನ್ನ ಅನುಭವ. ದುಂಡು ಅಕ್ಷರದಲ್ಲಿ ಕಣ್ಣಿಗೆ ಆಧಾರವಾಗಿ ನೆಟ್ಟಗಿನ ಕಂಬಗಳೇ ಇಲ್ಲದಿರುವುದರಿಂದ ಓರೆ ಕಡಿಮೆ ಕಾಣುತ್ತದೆ ಎಂದು ನಾವು ಕೋನವನ್ನು ಏರಿಸುತ್ತ ಹೋಗುತ್ತೇವೆ. 15 ದಾಟಿದ ಮೇಲೆ ಅದು ಓಡುವುದನ್ನು ಬಿಟ್ಟು ಬೀಳತೊಡಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಇಂಕ್‌ಸ್ಕೇಪ್ ಅಥವಾ ನೀವು ಬಳಸುವ ತಂತ್ರಾಂಶದಲ್ಲಿ ಪದವನ್ನು ಮೊದಲು ಗೆರೆಗಳಾಗಿ ಮಾರ್ಪಡಿಸಿ. ಒತ್ತನ್ನು ಮೈಯಿಂದ ಬಿಡಿಸಿ ಬೇರೆಯಾಗಿ ಇಟ್ಟುಕೊಳ್ಳಿ. ಮೈಯನ್ನು 9 ಡಿಗ್ರಿ ವಾಲಿಸಿ. ಒತ್ತನ್ನೂ ಅಷ್ಟೇ ವಾಲಿಸಿ, ಆದರೆ ಅದರದೇ ನಡುವಿನ ಮೇಲೆ ವಾಲಿಸಿ, ಆಮೇಲೆ ಎತ್ತಿ ತಂದು ಅದು ನೇರ ಅಕ್ಷರದಲ್ಲಿ ಎಲ್ಲಿತ್ತೋ ಅಲ್ಲಿಗಿಂತ ಕೂದಲೆಳೆಯಷ್ಟು ಬಲಕ್ಕೆ ಇಡಿ. ಗಣಿತದ ಪ್ರಕಾರ ಇದು ತಪ್ಪು, ಕಣ್ಣಿನ ಪ್ರಕಾರ ಸರಿ. ಒತ್ತಿನ ದಪ್ಪವನ್ನು ಮೈಯ ದಪ್ಪಕ್ಕಿಂತ ಸ್ವಲ್ಪ ಇಳಿಸಿ. ಗುಡಿಸಿನ ತಿರುವನ್ನು ಹಿಂದಕ್ಕೆ ಎಳೆದು ಮೈಯ ಅಗಲದೊಳಗೇ ಮುಗಿಸಿ. ಕೊನೆಯಲ್ಲಿ ಊದಿದ ಮೂಲೆಗಳನ್ನು ತಗ್ಗಿಸಿ. ಕ ಅಕ್ಷರದಲ್ಲಿ ನಡುವಿನ ಅಡ್ಡಗೆರೆಯನ್ನು ಮರೆಯಬೇಡಿ. ಬರಿದೆ ವಾಲಿಸಿದಾಗ ಅದು ಇದ್ದಷ್ಟೇ ದಪ್ಪ ಉಳಿದು ಸುತ್ತಲಿನ ತಿರುವುಗಳು ಸೊರಗಿರುವುದರಿಂದ ಭಾರವಾಗಿ ಕಾಣುತ್ತದೆ.

ನಾನು ಹೇಳಿದ ಕನ್ನಡ ಫಾಂಟುಗಳೆಲ್ಲ ಮುಕ್ತ ಪರವಾನಗಿಯವು, ತಿದ್ದಲು ಅಡ್ಡಿಯಿಲ್ಲ. ತಿದ್ದಿದ್ದನ್ನು ಪೂರ್ತಿ ಫಾಂಟಾಗಿ ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು, ಮತ್ತು ಬೇರೆ ಹೆಸರನ್ನು ಇಡುವುದು ಒಳ್ಳೆಯದು. ಹಾಗೆ ಮಾಡುವವರು ಜಿಲ್ಲೆಯಲ್ಲಿ ಯಾರಾದರೂ ಮುಂದೆ ಬಂದರೆ ನಾನು ಜೊತೆಗಿರುತ್ತೇನೆ.

ಅಂಕೋಲೆಯ ಅಂಗಡಿಗ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾಮಫಲಕದಲ್ಲಿ ಕನ್ನಡ ಶೇಕಡ 60ರಷ್ಟು ಇರಬೇಕು ಎಂಬ ನಿಯಮ 2024ರ ತಿದ್ದುಪಡಿಯ ಮೂಲಕ ಬಂದ ಮೇಲೆ ನಾನು ನನ್ನ ವಾಹನ ಬಿಡಿಭಾಗಗಳ ಅಂಗಡಿಯ ಫಲಕವನ್ನು ಬದಲಿಸಿದೆ. ಇಂಗ್ಲಿಷ್ ಹೆಸರು ಮೊದಲಿನಿಂದಲೂ ದಪ್ಪ ಓರೆಯಲ್ಲಿತ್ತು. ಫಲಕ ಮಾಡಿಕೊಟ್ಟವರು ಕನ್ನಡವನ್ನು ಅದರ ಮೇಲೆ ಸಪೂರವಾದ ನೇರ ಅಕ್ಷರದಲ್ಲಿ ಹಾಕಿದರು. ಅಳತೆಯಲ್ಲಿ ಕನ್ನಡ ದೊಡ್ಡದಾಗಿಯೇ ಇದೆ, ನಿಯಮಕ್ಕೆ ಕೊರತೆಯಿಲ್ಲ, ಆದರೆ ಬಂದವರ ಕಣ್ಣು ಹೋಗುವುದು ಕೆಳಗಿನ ಇಂಗ್ಲಿಷಿಗೇ. ಇದಕ್ಕೆ ಪರಿಹಾರವಿದೆಯೇ?

ಕುಮಟೆಯ ಅಕ್ಷರಪ್ರಿಯೆ

ಇದೆ. ದೊಡ್ಡದು ಬೇರೆ, ಗಟ್ಟಿ ಬೇರೆ. ಕನ್ನಡದ ಗೆರೆಯ ದಪ್ಪವನ್ನು ಇಂಗ್ಲಿಷಿನ ಕಂಬದ ದಪ್ಪಕ್ಕೆ ಸಮ ಮಾಡಿ; ಆಮೇಲೆ ಕನ್ನಡವನ್ನು ಇಂಗ್ಲಿಷಿನ ಓರೆಗೆ ವಾಲಿಸುವ ಬದಲು ಇಂಗ್ಲಿಷನ್ನೇ ನೇರ ಮಾಡುವುದು ಸುಲಭ. ಇಂಗ್ಲಿಷಿಗೆ ದಪ್ಪ ನೇರ ರೂಪ ಸಿದ್ಧವಾಗಿ ಸಿಗುತ್ತದೆ. ಓರೆ ಬೇಕೇ ಬೇಕು ಅನ್ನಿಸಿದರೆ ಎರಡನ್ನೂ ಒಂದೇ ಕೋನಕ್ಕೆ ತನ್ನಿ. ಒಂದು 12 ಡಿಗ್ರಿ, ಇನ್ನೊಂದು 9 ಇದ್ದರೆ ಫಲಕವೇ ಸೊಟ್ಟ ಹೊಡೆದಿದೆ ಅನ್ನಿಸುತ್ತದೆ.

ಹೊನ್ನಾವರದ ಓದುಗ

ನಾನು ಮೊದಲು ಬರೆದದ್ದರಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೂಡಿಟ್ಟ ಕರಪತ್ರಗಳನ್ನು ನಿನ್ನೆ ರಾತ್ರಿ ಮತ್ತೆ ಹರಡಿ ನೋಡಿದೆ. ಯುದ್ಧದ ಪ್ರಸಂಗಗಳ ಕೆಲವು ಹೆಸರುಗಳನ್ನು ಕಲಾವಿದರು ಮುಂದಕ್ಕೆ ಬಾಗಿಸಿಯೇ ಬರೆದಿದ್ದಾರೆ. ಇಷ್ಟು ವರ್ಷ ನೋಡಿಯೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅವು ಏಕೆ ನನ್ನನ್ನು ತೊಂದರೆಪಡಿಸಿರಲಿಲ್ಲ ಎಂಬುದು ಈಗ ತಿಳಿಯುತ್ತಿದೆ. ಮೈ ಬಾಗಿದೆ, ಒತ್ತು ತನ್ನ ಜಾಗದಲ್ಲಿಯೇ ಇದೆ. ಕರಪತ್ರದ ಉಳಿದ ಸಾಲುಗಳೆಲ್ಲ ನೇರ. ಆದರೆ ಭಕ್ತಿಪ್ರಧಾನ ಪ್ರಸಂಗ, ಸಂತಾಪ ಸೂಚನೆ, ದೇವಸ್ಥಾನದ ಆಮಂತ್ರಣ ಇವುಗಳಿಗೆ ದಪ್ಪ ಓರೆಯನ್ನು ಬಳಸಬಾರದು ಎಂಬ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಶುಭ ಕೋರುವ ಫಲಕಗಳಲ್ಲಿ ದೇವಿಯ ಹೆಸರು ಟೈರಿನ ಜಾಹೀರಾತಿನ ಅಕ್ಷರದಲ್ಲಿ ಬರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಕಾರವಾರದ ಡ್ರಾಯಿಂಗ್ ಅಧ್ಯಾಪಕಿ

ಒಪ್ಪಿದೆ. ಉದ್ದನೆಯ ಸಾಲುಗಳಿಗೂ ಬೇಡ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಫ್ಯೂಚುರಾ ಎಂಬ ಫಾಂಟಿನ ಬಿಳಿಯ ದಪ್ಪ ಓರೆಯಲ್ಲಿ ಮಾತುಗಳನ್ನು ಬರೆದು ಹೆಸರಾದವರು. ಆ ಮಾತುಗಳಲ್ಲಿ ಹೆಚ್ಚಿನವು ಕೆಲವೇ ಪದಗಳವು. ಆ ಅಕ್ಷರದ ಶಕ್ತಿ ಇರುವುದು ಅಷ್ಟರೊಳಗೆ.

ಶಿರಸಿ ಮುದ್ರಕ

ಮೂರು ದಿನ ಕುಳಿತು ಪದವನ್ನು ಬಿಡಿಸಿದೆ. ಕ ಮತ್ತು ಬ ಒಂದು ಗಂಟೆಯಲ್ಲಿ ಮುಗಿದವು, ಉಳಿದ ಹೊತ್ತೆಲ್ಲ "ಡ್ಡಿ"ಗೆ ಹೋಯಿತು. 9 ಡಿಗ್ರಿಯಲ್ಲಿ ಮೈ ಚೆನ್ನಾಗಿ ಕೂತಿತು. ಒತ್ತನ್ನು ಮೊದಲು ಹೇಳಿದಂತೆ ಬಲಕ್ಕೆ ತಂದೆ. ಹತ್ತಿರದಿಂದ ಅತಿಯಾಯಿತು ಅನ್ನಿಸಿತು, ರಸ್ತೆಯ ಆಚೆಯಿಂದ ನೋಡಿದಾಗ ಸರಿಯಾಗಿತ್ತು. ಗುಡಿಸನ್ನು ಮೊಟಕು ಮಾಡಿದ್ದರಿಂದ ಡಿ ಎಂಬುದು ಡ ಎಂದು ಕಾಣುವ ಅಪಾಯ ಬಂತು, ಆದ್ದರಿಂದ ಅದರ ಒಳಗಿನ ಕಣ್ಣನ್ನು ಮಾತ್ರ ದೊಡ್ಡದು ಮಾಡಿದೆ. ಬಣ್ಣಗಾರರ ಮಾತಿನಂತೆ ರೈಡರ್‌ನ ಚಿತ್ರವನ್ನು ತಿರುಗಿಸಿ ಬಲಕ್ಕೆ ನುಗ್ಗುವಂತೆ ಮಾಡಲು ಹೋದೆ, ಆಗ ಜೆರ್ಸಿಯ ಅಂಕಿ ತಿರುಗುಮುರುಗಾಯಿತು. ಹುಡುಗರಿಂದ ಬೇರೆ ಚಿತ್ರ ತರಿಸಿಕೊಂಡಿದ್ದೇನೆ.

ಹೊಸ ಮಾದರಿಯನ್ನು ಮತ್ತೆ ಅದೇ ಗೋಡೆಗೆ ಅಂಟಿಸಿ, ದಾರಿಯಲ್ಲಿ ಹೋಗುತ್ತಿದ್ದ ಶಾಲಾ ಮಕ್ಕಳಿಗೆ ಓದಲು ಹೇಳಿದೆ. "ಕಬಡ್ಡಿ" ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಓದಿದರು. ಕೆಳಗಿನದನ್ನು ಒಬ್ಬ ಹುಡುಗ ಈಗಲೂ "ಬಟ್ಕಳ" ಎಂದ. ಊರಿನ ಹೆಸರು ಈಗ ನೇರವಾಗಿದೆ, ಬೋಲ್ಡ್ ಗುಂಡಿಯನ್ನು ಮುಟ್ಟಿಲ್ಲ, ಆದರೂ ಭಕಾರದ ಸೀಳು ಆ ಅಳತೆಯಲ್ಲಿ ನಾಲ್ಕು ಮಿಲಿಮೀಟರ್ ಮಾತ್ರ ಇದೆ. ನಾಳೆ ಅದನ್ನು ಎಂಟಕ್ಕೆ ಏರಿಸಿ, ಫಾಂಟನ್ನು ಒಂದು ಮೆಟ್ಟಿಲು ತೆಳುಗೊಳಿಸಿ, ಅದೇ ಹುಡುಗನಿಗೆ ಇನ್ನೊಮ್ಮೆ ತೋರಿಸುತ್ತೇನೆ. ಆಮೇಲೆಯೇ ಮುದ್ರಣಕ್ಕೆ ಕಳಿಸುವುದು.